ಕುಡಿ ವೈರು

ಮೊನ್ನೆ ಬಟ್ಟೆ ಒಗೆಯುವಾಗ ನನ್ನ ಅಂಗಿಯ ಜೇಬಿನಿಂದ ಒಂದು ಫ್ಯೂಸು ಬಿತ್ತು. ಕೆಂಪು ಪ್ಲಾಸ್ಟಿಕ್ಕಿನದು, ಎರಡು ಕಾಲಿನದು, ಒಳಗಿನ ತಂತಿ ಸುಟ್ಟು ಕಪ್ಪಾಗಿತ್ತು. ನಮ್ಮ ಮನೆಯವಳು ಅದನ್ನು ಬೆಳಕಿಗೆ ಹಿಡಿದು ನೋಡಿ, “ಏನ್ರೀ ಇದು, ನಿಮ್ಮ ಹಲ್ಲಾ?” ಅಂದಳು. ನನ್ನದೊಂದು ದವಡೆ ಹಲ್ಲು ಬಿದ್ದು ಎರಡು ತಿಂಗಳಾಗಿದೆ, ನಿಜ. ಆದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವಷ್ಟು ಜಿಪುಣ ನಾನಲ್ಲ.

“ಪಿಕಪ್ ಗಾಡೀದು ಕಣೇ.”

“ಗಾಡೀದು ಗಾಡಿಯಾಗಿರ್ಬೇಕು. ಜೇಬಿನಾಗೆ ಯಾಕೈತೆ?”

ಸರಿಯಾದ ಪ್ರಶ್ನೆ. ಅದು ಇರಬೇಕಾದ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆಯನ್ನು ಮಡಚಿ ತುರುಕಿದ್ದೆ, ಅದಕ್ಕೇ ಇದು ಜೇಬಿಗೆ ಬಂದದ್ದು. ಇದನ್ನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಾನು ಸಲಹೆ ಕೊಡುವ ಮನುಷ್ಯ. ನನ್ನಿವಾಳ ಎಂಬ ಹಳ್ಳಿಯಲ್ಲಿ ಹುಟ್ಟಿ, ಸೈಕಲ್ಲಿನ ಕ್ಯಾರಿಯರಿಗೆ ಶೇಂಗಾ ಚೀಲ ಕಟ್ಟಿಕೊಂಡು ಚಳ್ಳಕೆರೆಗೆ ತುಳಿಯುತ್ತ ವ್ಯಾಪಾರ ಕಲಿತವನು. ಯಾರೂ ಕೂರಿಸಿ ಹೇಳಿಕೊಟ್ಟಿದ್ದಲ್ಲವಾದ್ದರಿಂದ, ಕಲಿತದ್ದನ್ನು ಕಂಡಕಂಡವರಿಗೆ ಹಂಚುವ ಹಕ್ಕು ನನಗಿದೆ ಎಂದು ಭಾವಿಸಿದ್ದೇನೆ. ಕುರಿ ಕೊಳ್ಳುವವರು ಕುರಿಯ ಬಾಯಿ ನೋಡುವ ಮೊದಲು ಮಾರುವವನ ಚಪ್ಪಲಿ ನೋಡಬೇಕು. ಧೂಳು ಮೆತ್ತಿದ್ದರೆ ದೂರದಿಂದ ನಡೆಸಿಕೊಂಡು ಬಂದಿದ್ದಾನೆ, ವಾಪಸು ನಡೆಸಿಕೊಂಡು ಹೋಗುವ ಮನಸ್ಸಿರುವುದಿಲ್ಲ, ಬೆಲೆ ಇಳಿಸುತ್ತಾನೆ. ಶೇಂಗಾ ನೋಡುವವರು ಚೀಲದ ಬಾಯಿಗೆ ಕೈ ಹಾಕಬಾರದು, ಮೂಲೆಗೆ ಹಾಕಬೇಕು. ಇನ್ನೊಂದು ಇದೆ, ಅದನ್ನು ತಡವಾಗಿ ಕಲಿತೆ: ಪುಕ್ಕಟೆಯಾಗಿ ಸಿಕ್ಕ ಸಾಮಾನಿನಲ್ಲಿ ವೈರು ಇದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಚಳ್ಳಕೆರೆಯಲ್ಲಿ ಹಳೆ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುವ ದಾದಾಪೀರ್ ನನ್ನ ಸ್ನೇಹಿತ. ಅವನಲ್ಲಿಗೆ ನಾನು ಹೋದದ್ದು ನಾಲ್ಕು ಅಗಲದ ಟೈರಿಗೆ. ನಮ್ಮ ಹಳೆಯ ಡೀಸೆಲ್ ಪಿಕಪ್ಪಿಗೆ ಕಂಪನಿ ಕೊಟ್ಟ ಟೈರು ಕುರಿಕಾಲಿನ ಹಾಗೆ ಕಾಣುತ್ತಿತ್ತು. ಅರ್ಧ ದಿನ ಚೌಕಾಸಿ ನಡೆಯಿತು. ಮಧ್ಯೆ ಎರಡು ಸಲ ಎದ್ದು ಹೊರಟೆ, ಎರಡು ಸಲ ಅವನೇ ಕರೆದ. ಕೊನೆಗೆ ಕೈಯೆತ್ತಿಬಿಟ್ಟ.

“ತಿಪ್ಪೇಸ್ವಾಮಿ ಭಾಯ್, ನಿನ್ ಬಾಯಿಗೆ ಸಲಾಂ. ಟೈರು ತಗೋ, ಈ ಲೈಟೂ ತಗೋ, ಹಾರನ್ನೂ ತಗೋ, ಆ ಡಬ್ಬೀನೂ ತಗೋ. ಮೊದ್ಲು ನನ್ ದುಕಾನ್ ಖಾಲಿ ಮಾಡು.”

ಟೈರಿನ ಜೊತೆಗೆ ನೆತ್ತಿಗೆ ಹಾಕುವ ಆರು ದೊಡ್ಡ ಲೈಟು, ಮೂರು ಬಾಯಿಯ ಗಾಳಿ ಹಾರನ್ನು, ಬೀರುವಿನಂಥ ಒಂದು ಹಾಡಿನ ಪೆಟ್ಟಿಗೆ, ಗಾಡಿಯ ಹೊಟ್ಟೆಯ ಕೆಳಗೆ ನೀಲಿ ಬೆಳಕು ಬೀಳಿಸುವ ಪಟ್ಟಿ, ಎಲ್ಲ ಬಂತು. ಮನೆಗೆ ಬಂದಾಗ ನನಗೆ ಗೆದ್ದ ಸಂತೋಷ. ಅವತ್ತು ದಾದಾಪೀರ್ ಬಾಗಿಲವರೆಗೆ ಬಂದು ನಗುತ್ತ ಬೀಳ್ಕೊಟ್ಟಿದ್ದ. ಗಿರಾಕಿಯನ್ನು ಬಾಗಿಲವರೆಗೆ ಕಳಿಸಿಕೊಡುವ ಅಭ್ಯಾಸ ಅವನಿಗಿಲ್ಲ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ವೈರಿಂಗ್ ನಾನೇ ಮಾಡಿದೆ. ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ, ಕರೆಂಟಿನ ಜೊತೆ ನನಗೆ ಚಿಕ್ಕಂದಿನಿಂದ ಬಳಕೆ ಇದೆ. ನಮ್ಮ ಮನೆಯ ರೇಡಿಯೋ ನಾಲ್ಕು ಸೆಲ್ಲಿನದು. ದನಿ ಗೊಗ್ಗರಾದರೆ ಅಪ್ಪ ಸೆಲ್ಲುಗಳನ್ನು ಹೊರತೆಗೆದು, ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾದ ನಡುವೆ ಮಲಗಿಸುತ್ತಿದ್ದ. ಹಕ್ಕಿ ಬಾರದಂತೆ ಶೇಂಗಾ ಕಾಯುವುದು ನನ್ನ ಕೆಲಸ, ಅದರ ಜೊತೆಗೇ ಸೆಲ್ಲನ್ನೂ ಕಾಯುತ್ತಿದ್ದೆ. ಮಧ್ಯಾಹ್ನಕ್ಕೆ ಒಂದು ಸಲ ಮಗ್ಗುಲು ತಿರುಗಿಸಬೇಕು. ಸಂಜೆ ಹಾಕಿದರೆ ಕೃಷಿ ವಾರ್ತೆ ಮುಗಿಯುವಷ್ಟು ಹೊತ್ತು ರೇಡಿಯೋ ಮಾತಾಡುತ್ತಿತ್ತು. ಒಮ್ಮೆ ಅವ್ವ ಶೇಂಗಾ ಗುಡಿಸಿ ಚೀಲಕ್ಕೆ ತುಂಬುವಾಗ ಒಂದು ಸೆಲ್ಲೂ ಸೇರಿಹೋಗಿ, ಎಣ್ಣೆ ಗಾಣದವನು ಅದನ್ನು ಹಿಡಿದುಕೊಂಡು ಊರಿಗೇ ಬಂದಿದ್ದ. “ನಿಮ್ಮ ಹೊಲದಾಗೆ ಇವೂ ಬೆಳೀತವಾ ಗೌಡ್ರೇ?” ಎಂದು ಕೇಳಿದ. ಅಪ್ಪ ಸ್ವಲ್ಪವೂ ನಾಚದೆ, “ಈ ಸಲ ಇಳುವರಿ ಕಡಿಮಿ” ಎಂದು ಹೇಳಿ ಸೆಲ್ಲನ್ನು ಇಸಿದುಕೊಂಡ. ಬಿಸಿಲು ಕಾದರೆ ಕರೆಂಟು ಬರುತ್ತದೆ, ತಂತಿಗೆ ತಂತಿ ಮುಟ್ಟಿದರೆ ಕೆಲಸ ನಡೆಯುತ್ತದೆ: ಇದು ನನ್ನ ವಿದ್ಯುತ್ ಶಾಸ್ತ್ರ. ಈ ಶಾಸ್ತ್ರದ ಮೇಲೆ ಆರು ಲೈಟು ಕೂರಿಸಿದೆ. ಟೇಪು ಅರ್ಧಕ್ಕೇ ಮುಗಿದದ್ದರಿಂದ ಉಳಿದ ಗಂಟುಗಳಿಗೆ ಗಾಡಿಯಲ್ಲಿ ಬಿದ್ದಿದ್ದ ಮೊಳಕಾಲ್ಮೂರಿನ ರೇಷ್ಮೆ ದಾರ ಸುತ್ತಿದೆ. ರೇಷ್ಮೆಗೆ ಕರೆಂಟು ಹಿಡಿಯುವುದಿಲ್ಲ ಎಂದು ಯಾರೋ ಹೇಳಿದ್ದರು. ಅದು ಉಜ್ಜಿ ಸವೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಗಾಡಿಯ ಸ್ವಭಾವವೇ ಬದಲಾಯಿತು. ಬ್ರೇಕು ಒತ್ತಿದರೆ ಹಾಡು ನಿಲ್ಲುತ್ತಿತ್ತು, ಬಿಟ್ಟರೆ ಮುಂದುವರಿಯುತ್ತಿತ್ತು. ಎಡಕ್ಕೆ ತಿರುಗುವ ಸೂಚನೆ ಕೊಟ್ಟರೆ ವೈಪರು ಒಂದು ಸಲ ಎದ್ದು ನೋಡಿ ಮಲಗುತ್ತಿತ್ತು. ಮಟಮಟ ಮಧ್ಯಾಹ್ನ ನೀಲಿ ಬೆಳಕು ತಾನಾಗಿ ಹತ್ತುತ್ತಿತ್ತು. ಫ್ಯೂಸು ಸುಟ್ಟಾಗಲೆಲ್ಲ ಬೆಳ್ಳಿ ಹಾಳೆ ತುರುಕುತ್ತಿದ್ದೆ. ಅದೇ ಹೊತ್ತಿಗೆ ಡೀಸೆಲ್ ಕುಡಿಯುವುದೂ ಹೆಚ್ಚಾಯಿತು. ಲೀಟರಿಗೆ ಹದಿನಾಲ್ಕು ಕೊಡುತ್ತಿದ್ದ ಗಾಡಿ ಹನ್ನೊಂದಕ್ಕೆ ಇಳಿಯಿತು. ಎರಡು ಕಾಯಿಲೆ ಒಂದೇ ದಿನ ಬಂದರೆ ಅವು ಒಂದೇ ಕಾಯಿಲೆ ಎಂದು ಯಾರಾದರೂ ತಿಳಿಯುತ್ತಾರೆ. ವೈರೇ ಡೀಸೆಲ್ ಕುಡಿಯುತ್ತಿದೆ ಎಂಬ ನಂಬಿಕೆ ನನ್ನ ತಲೆಯಲ್ಲಿ ಕೂತದ್ದು ಹೀಗೆ.

ಪರೀಕ್ಷೆ ಮಾಡೋಣವೆಂದು ಉಳ್ಳಾರ್ತಿ ಕಾವಲಿನ ಬೇಲಿ ಪಕ್ಕದ ನೇರ ರಸ್ತೆಗೆ ಹೋದೆ. ಕಿಲೋಮೀಟರ್ ಕಲ್ಲು ಎಣಿಸಿಕೊಂಡು ಹತ್ತು ಕಲ್ಲು ಓಡಿಸಿದೆ. ಗಾಡಿಯ ಮೀಟರು ಒಂಬತ್ತು ಎಂದಿತು. ವಾಪಸು ಬಂದೆ, ಮತ್ತೆ ಒಂಬತ್ತು. ಕಲ್ಲು ನೆಟ್ಟವರೇ ತಪ್ಪು ಅಳೆದಿದ್ದಾರೆ ಎಂದು ತೀರ್ಮಾನಿಸಿ ನಾಲ್ಕು ಜನರಿಗೆ ಹೇಳಿಯೂ ಹೇಳಿದೆ. ದಾದಾಪೀರ್ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅರೇ, ಟೈರು ದೊಡ್ಡದಾದ್ರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗ್ತದೆ. ಮೀಟರ್‌ಗೆ ಸುತ್ತು ಎಣಿಸೋದಷ್ಟೇ ಗೊತ್ತು. ಗಾಡಿ ಕುಡೀತಿಲ್ಲ ಭಾಯ್, ಮೀಟರ್ ಝೂಟ್ ಬೋಲ್ತಾ.” ಮೀಟರು ಸುಳ್ಳು ಹೇಳುತ್ತಿದೆ ಸರಿ. ಆದರೆ ನೆತ್ತಿಯ ಲೈಟಿಗೆ ಗಾಳಿ ಬಡಿಯುತ್ತದೆ, ಟೈರಿಗೆ ಭಾರವಿದೆ, ಡೈನಮೊ ತಿರುಗಿಸಲು ಇಂಜಿನ್ನಿಗೆ ಶಕ್ತಿ ಬೇಕು. ಇದರಲ್ಲಿ ಎಷ್ಟು ಸುಳ್ಳು, ಎಷ್ಟು ಕುಡಿತ? ನನಗೆ ಇವತ್ತಿಗೂ ಬಿಡಿಸಲಾಗಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಹೊಡೆಯುವ ನಾನು, ಊರಿಗೆಲ್ಲ ಹತ್ತು ಓಡಿ ಒಂಬತ್ತಕ್ಕೆ ಇಸಿದುಕೊಳ್ಳುತ್ತಿದ್ದೆ ಎಂಬುದು ಮಾತ್ರ ಬೇಗ ಅರ್ಥವಾಯಿತು. ಅದನ್ನೂ ಮನೆಯಲ್ಲಿ ಹೇಳಿಲ್ಲ.

ಇಂಥ ಗಾಡಿಯಲ್ಲಿ ನಾನು ಸುಬ್ಬಮ್ಮನ ಮಗ್ಗ ಹೇರಿಕೊಂಡು ಹೊರಟೆ.

ಸುಬ್ಬಮ್ಮ ಮೊಳಕಾಲ್ಮೂರಿನ ನೇಕಾರ್ತಿ. ಮನೆಮಾತು ತೆಲುಗು, ನನ್ನೊಡನೆ ಕನ್ನಡ. ಮದುವೆಯಾಗಿ ಬಂದಾಗಿನಿಂದ ಬೇರೆಯವರ ಮನೆಯ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯ್ದವಳು. ಚಳ್ಳಕೆರೆಯಲ್ಲಿ ನೇಯ್ಗೆ ಬಿಟ್ಟು ಹೋಟೆಲಿಟ್ಟವರೊಬ್ಬರು ಅಟ್ಟದ ಮೇಲಿದ್ದ ತಮ್ಮ ಮಗ್ಗ ಕೊಡುತ್ತಾರೆಂದು ಗೊತ್ತಾಗಿ, ನಾನೇ ಮಾತಾಡಿ ಕೊಡಿಸಿದ್ದೆ. ಅದರಲ್ಲಿ ಅಂಚಿನ ಚಿತ್ರ ಮೂಡಿಸುವ ಜಕಾರ್ಡ್ ಪೆಟ್ಟಿಗೆ ಇತ್ತು. ಪೆಟ್ಟಿಗೆಯಿಂದ ನೂರಾರು ದಾರ ಕೆಳಗಿಳಿದು ರೇಷ್ಮೆಯ ಎಳೆಗಳನ್ನು ಎತ್ತಬೇಕು. ಅರ್ಧದಷ್ಟು ದಾರ ಹರಿದಿದ್ದವು. ಅದನ್ನು ಕಟ್ಟಿ ಒಂದೇ ಮಟ್ಟಕ್ಕೆ ತರುವ ಕಸುಬಿನ ನಾಗಭೂಷಣಂ ಎಂಬುವರು ಧರ್ಮಾವರದಿಂದ ಬೆಳಿಗ್ಗೆಯೇ ಬಂದಿದ್ದರು. ಆದಷ್ಟು ಕಟ್ಟಿ, ಉಳಿದದ್ದನ್ನು ಸುಬ್ಬಮ್ಮನಿಗೆ ತೋರಿಸಿಕೊಟ್ಟು ಮಧ್ಯಾಹ್ನ ಎರಡರ ಬಸ್ಸಿಗೆ ಹೊರಟರೆ, ಮತ್ತೆ ಈ ಕಡೆ ಬರುವುದು ದೀಪಾವಳಿ ಆಚೆ.

“ಹಳೇ ಮನೇಲಿ ಕೆಲ್ಸ ಬಿಡ್ತೀನಂತ ಹೇಳಿಬಿಟ್ಟೀನಿ ಅಣ್ಣಾ,” ಎಂದಿದ್ದಳು ಸುಬ್ಬಮ್ಮ ಹಿಂದಿನ ದಿನ ಫೋನಿನಲ್ಲಿ. “ನನ್ನ ಜಾಗಕ್ಕೆ ಇನ್ನೊಬ್ಳು ಬಂದು ಕೂತೂ ಆತು. ನಾಳೆ ಇದು ನಿಲ್ಲಲಿಲ್ಲ ಅಂದ್ರೆ ನಾನು ಕೂರಾಕೆ ಮಗ್ಗನೇ ಇಲ್ಲ.”

“ಹತ್ತೂವರೆಗೆ ನಿನ್ನ ಬಾಗಿಲಾಗೆ ಇರ್ತೀನಿ, ಹೋಗಮ್ಮ” ಎಂದಿದ್ದೆ. ಅದರ ಜೊತೆಗೆ ಹೊಸ ಮಗ್ಗವನ್ನು ಯಾವ ದಿಕ್ಕಿಗೆ ಕೂರಿಸಬೇಕೆಂದು ಸಲಹೆಯನ್ನೂ ಕೊಟ್ಟಿದ್ದೆ. ನನಗೆ ಮಗ್ಗದ ಬಗ್ಗೆ ಏನೂ ಗೊತ್ತಿಲ್ಲ.

ತಳಕು ದಾಟಿ ಸ್ವಲ್ಪ ದೂರ ಹೋಗಿದ್ದೆ. ಡ್ಯಾಶ್‌ಬೋರ್ಡಿನಿಂದ ಊದುಬತ್ತಿಯಷ್ಟು ಹೊಗೆ ಎದ್ದಿತು. ಆಮೇಲೆ ಮೂರು ಬಾಯಿಯ ಹಾರನ್ನು ತಾನಾಗಿ ಊದತೊಡಗಿತು. ನಿಲ್ಲಿಸಲು ಏನು ಒತ್ತಿದರೂ ನಿಲ್ಲದು. ಗಾಡಿಯನ್ನು ಬದಿಗೆ ತಂದು, ಇಂಜಿನ್ ಆರಿಸಿದರೆ ಮತ್ತೆ ಹತ್ತೀತೋ ಇಲ್ಲವೋ ಎಂದು ಹಾಗೇ ಓಡಲು ಬಿಟ್ಟು, ಬಾನೆಟ್ಟು ಎತ್ತಿ, ಮೊಳಕಾಲ್ಮೂರಿನ ಎಲೆಕ್ಟ್ರಿಷಿಯನ್ ಆಂಜನೇಯುಲುಗೆ ಫೋನು ಹಚ್ಚಿದೆ. ಈತ ರಾಯದುರ್ಗದ ಕಡೆಯಿಂದ ಬಂದು ವರ್ಷವೂ ಆಗಿಲ್ಲ. ನನ್ನ ವೈರಿಂಗನ್ನು ಹಿಂದೊಮ್ಮೆ ಬಾನೆಟ್ಟು ಎತ್ತಿ ನೋಡಿದ್ದ. ಕನ್ನಡ ಅಷ್ಟಕ್ಕಷ್ಟೆ. ನನ್ನ ತೆಲುಗು ಚೌಕಾಸಿಯ ತೆಲುಗು. “ಎಂತ?” ಅಂದರೆ ಎಷ್ಟು, “ವದ್ದು” ಅಂದರೆ ಬೇಡ. ಇಪ್ಪತ್ತು ವರ್ಷ ಈ ಎರಡು ಮಾತಿನಲ್ಲೇ ಮೊಳಕಾಲ್ಮೂರಿನಲ್ಲಿ ವ್ಯಾಪಾರ ಮಾಡಿದ್ದೇನೆ.

“ಆಂಜನೇಯುಲು! ವೈರು ಎಲ್ಲೋ ತಾಗ್ತೈತೆ!” ಹಾರನ್ನಿನ ಮೇಲೆ ಕೂಗಿದೆ.

“ತಾಗುತುಂದಾ? ಎಂತ ತಾಗುತುಂದಿ?”

ಎಷ್ಟು ತಾಗುತ್ತದೆ ಎಂದು ಕೇಳುತ್ತಿದ್ದಾನೆ. ಬಗ್ಗಿ ನೋಡಿದೆ. “ಒಂದು ಬೆರಳಷ್ಟು!”

“ಒಂದು ಬೆರಳಾ? ಫರವಾಲೇದು ಅನ್ನಾ. ಆಯಿಲ್ ಪೊಯ್ಯಿ.”

“ಆಯಿಲ್ ಹುಯ್ಯಬೇಕಾ? ಅಲ್ಲಿ ಹೊಗೆ ಬರ್ತೈತೆ ಕಣಯ್ಯಾ!”

“ಹೊಗೆ? ಪೊಗ ವಸ್ತುಂದಾ?” ಅವನ ದನಿ ಏರಿತು. “ಅಯ್ಯಯ್ಯೋ! ಅನ್ನಾ, ಕುಡಿ ವೈರು ಪೀಕೇಯ್! ಕುಡಿ ವೈರು!”

ಪೀಕು ಎಂದರೆ ಕಿತ್ತು ಹಾಕು, ಅಷ್ಟು ನನಗೆ ಗೊತ್ತು. ಕುಡಿ ವೈರು! ಕೇಳಿದ ತಕ್ಷಣ ಮೈ ಜುಂ ಅಂದಿತು. ತಿಂಗಳಿಂದ ನಾನು ಹೇಳುತ್ತಿದ್ದದ್ದು ಇದೇ ಅಲ್ಲವೇ? ಕುಡಿಯುವ ವೈರು ಒಂದಿದೆ ಎಂದು ಕಸುಬು ಬಲ್ಲವನೇ ಒಪ್ಪಿಕೊಂಡ. ಇಂಜಿನ್ ಡೀಸೆಲ್ ಕುಡಿಯುವ ಪಂಪಿಗೆ ಒಂದೇ ಒಂದು ಸಣ್ಣ ವೈರು ಹೋಗುತ್ತದೆ. ಹಿಡಿದು ಎಳೆದೆ.

ಇಂಜಿನ್ ಗಪ್ಪೆಂದು ನಿಂತಿತು. ಹಾರನ್ನು ನಿಲ್ಲಲಿಲ್ಲ. ಓಡಬೇಕಾದದ್ದು ನಿಂತು, ನಿಲ್ಲಬೇಕಾದದ್ದು ಊದುತ್ತ, ನಾನು ಆ ಬಯಲಿನಲ್ಲಿ ಕೈಯಲ್ಲೊಂದು ವೈರಿನ ತುದಿ ಹಿಡಿದು ನಿಂತಿದ್ದೆ. ಕೊನೆಗೆ ಬ್ಯಾಟರಿಯ ತಂತಿಯನ್ನೇ ಬಿಚ್ಚಿದ ಮೇಲೆ ಸದ್ದಡಗಿತು. ಆಂಜನೇಯುಲುಗೆ ಮತ್ತೆ ಫೋನು ಮಾಡಿದರೆ, “ತೀಸಾವಾ ಕುಡಿ ವೈರು?” ಎಂದು ಕೇಳುತ್ತಾನೆ. ತೆಗೆದೆ ಎನ್ನುತ್ತೇನೆ. “ಮರಿ ಸ್ಟಾರ್ಟ್ ಚೆಯ್ಯಿ” ಎನ್ನುತ್ತಾನೆ. ಹಾರನ್ನಿನ ವೈರು ಕಿತ್ತು, ಬ್ಯಾಟರಿಯ ತಂತಿ ಮತ್ತೆ ಹಚ್ಚಿದರೂ ಸ್ಟಾರ್ಟ್ ಆಗದು. ಇಬ್ಬರೂ ಒಬ್ಬರಿಗೊಬ್ಬರು ಸಿಟ್ಟಾದೆವು. ನಾನು ಕಂಡ ವೈರನ್ನೆಲ್ಲ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ, ಎರಡು ತಾಸು ಕಳೆದೆ.

ಹನ್ನೆರಡೂವರೆಗೆ ಸುಬ್ಬಮ್ಮ ಫೋನು ಮಾಡಿದಳು. “ಎಲ್ಲಿದೀರಾ ಅಣ್ಣಾ? ಆಯಪ್ಪ ಗಡಿಯಾರ ನೋಡ್ತಾ ಕುಂತಾರೆ.”

ನಾನು ನಡೆದದ್ದನ್ನೆಲ್ಲ ಹೇಳಿದೆ. ಕುಡಿ ವೈರು ಕಿತ್ತರೂ ಹೀಗಾಗಿದೆ ನೋಡು ಎಂದು ಆಂಜನೇಯುಲುವನ್ನು ನಾಲ್ಕು ಬೈದೆ.

ಅವಳು ಮಧ್ಯೆ ತಡೆದಳು. “ಯಾವ ಕುಡಿ ಅಣ್ಣಾ?”

“ಡೀಸೆಲ್ ಕುಡಿಯೋದಮ್ಮ.”

“ಅಯ್ಯೋ ನನ್ನಪ್ಪಾ! ಕುಡಿ ಅಂದ್ರೆ ತೆಲುಗಿನಾಗೆ ಬಲಗಡೆ! ಎಡಮ, ಕುಡಿ. ಎಡ, ಬಲ. ಕುಡಿಯೋದಕ್ಕೆ ನಾವು ತಾಗೋದು ಅಂತೀವಿ!”

ಅಳಬೇಕಾದ ಹೊತ್ತಿನಲ್ಲಿ ಅವಳಿಗೆ ನಗು ಬಂದುಬಿಟ್ಟಿತು. ನನಗೆ ತಲೆ ಗಿರ್ರೆಂದಿತು. ನಾನು ತಾಗುತ್ತದೆ ಎಂದರೆ ಅವನಿಗೆ ಕುಡಿಯುತ್ತದೆ. ಒಂದು ಬೆರಳು ಕುಡಿದಿದೆ ಎಂದರೆ ಅವನು ಇಂಜಿನ್ ಆಯಿಲ್ ಎಂದು ತಿಳಿದು, ಹುಯ್ಯಿ ಎಂದಿದ್ದಾನೆ. ಅವನು ಬಲಗಡೆ ಎಂದರೆ ನನಗೆ ಡೀಸೆಲ್ಲು. ಎರಡು ಭಾಷೆಯೂ ನನ್ನ ಮಟ್ಟಿಗೆ ಸರಿಯಾಗಿಯೇ ಇದ್ದವು, ಗಾಡಿ ಮಾತ್ರ ನಿಂತಿತ್ತು.

“ಸರಿ, ಬಲ ಅಂದ್ರೆ ಯಾರ ಬಲ?” ಎಂದೆ. “ಬಾನೆಟ್ ಮುಂದೆ ನಿಂತ್ರೆ ನನ್ನ ಬಲ ಒಂದು, ಗಾಡಿ ಬಲ ಇನ್ನೊಂದು.”

“ಎದುರು ನಿಂತೋರ ಬಲ ಯಾರಿಗ್ ಬೇಕು? ಮಗ್ಗದಾಗೆ ಕೂತೋರ ಬಲನೇ ಬಲ. ಸೀಟಿನಾಗೆ ಕೂತ್ಕೊಂಡು ನೋಡ್ರಿ, ನಿಮ್ಮ ಲಾಳಿ ಎಳಿಯೋ ಕೈ ಯಾವ ಕಡೆ ಐತೋ ಅದು.”

ನಾನು ಲಾಳಿ ಎಳೆದವನಲ್ಲ. ಆದರೂ ಹೋಗಿ ಸೀಟಿನಲ್ಲಿ ಕೂತೆ, ಗಾಳಿಯಲ್ಲಿ ಒಮ್ಮೆ ಲಾಳಿ ಎಳೆದೆ. ಆ ಕೈಯ ನೇರಕ್ಕೆ, ನೆತ್ತಿಯ ಲೈಟಿನಿಂದ ಇಳಿದ ವೈರು, ರೇಷ್ಮೆ ಸವೆದು ತಾಮ್ರ ಕಾಣುತ್ತ ತಗಡಿಗೆ ಒರಗಿಕೊಂಡಿತ್ತು. ಅದನ್ನು ಕಿತ್ತೆ. ಕುಡಿಯುವ ವೈರನ್ನು ವಾಪಸು ಸಿಕ್ಕಿಸಿದೆ. ಹಾರನ್ನಿನದನ್ನು ಭಯಕ್ಕೆ ಮೊದಲೇ ಕಿತ್ತಿದ್ದೆ.

ಬ್ಯಾಟರಿಗೆ ಇಂಜಿನ್ ತಿರುಗಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮೂವರು ನೂಕಲು ಬಂದರು. ಅವರಲ್ಲಿ ಹಿರಿಯವನು ಲೈಟುಗಳನ್ನೆಲ್ಲ ಎಣಿಸಿದ. “ಇಷ್ಟೊಂದ್ ಕಣ್ಣು ಹಚ್ಚೀಯ ಗಾಡಿಗೆ, ಎಲ್ಡು ಕಾಲು ಹಚ್ಚಬಾರ್ದಾಗಿತ್ತೇನೋ ಯಣ್ಣಾ?” ನಾನು ಸೀಟಿಗೆ ಹತ್ತಿದೆ, ಅವರು ನೂಕಿದರು, ಇಂಜಿನ್ ಹತ್ತಿಕೊಂಡಿತು.

ಅದೇ ದಾರಿಯ ಹಾನಗಲ್ ಎಂಬ ಊರು ದಾಟಿ ಮೊಳಕಾಲ್ಮೂರು ಸೇರಿದಾಗ ಎರಡಕ್ಕೆ ಹತ್ತು ನಿಮಿಷ. ಸುಬ್ಬಮ್ಮ ಬೀದಿಗೇ ಬಂದು ನಿಂತಿದ್ದಳು. ನಾಗಭೂಷಣಂ ಬಸ್‌ಸ್ಟ್ಯಾಂಡಿಗೆ ಹೊರಟುಹೋಗಿದ್ದರು. ಅವಳು ಹಿಂದೆ ಹೇರಿದ್ದ ಮಗ್ಗದ ದಾರದ ಕಂತೆಯಿಂದ ಹರಿದ ಎರಡು ತುಂಡು ಎಳೆದುಕೊಂಡು, ನನ್ನ ಪಕ್ಕದಲ್ಲಿ ಹತ್ತಿ ಕೂತಳು. “ನಡೀರಿ.”

ಬಸ್ಸು ಹೊರಡುವ ಸದ್ದು ಮಾಡುತ್ತಿತ್ತು. ನಾಗಭೂಷಣಂ ಕಿಟಕಿಯ ಪಕ್ಕ ಕೂತಿದ್ದರು, ಐವತ್ತು ದಾಟಿದ ಸಣಕಲು ಮನುಷ್ಯ. ಇಂಥ ಹೊತ್ತಿಗಾಗಿಯೇ ನಾನು ಹುಟ್ಟಿರುವುದು ಎಂದುಕೊಂಡು ಮುಂದೆ ಹೋದೆ. “ಅನ್ನಾ, ಎಂತ?” ಎಂದೆ. ಅವರು ಕನ್ನಡದಲ್ಲೇ ಹೇಳಿದರು: “ದುಡ್ಡಿನ ಮಾತಲ್ಲಪ್ಪ. ಅಲ್ಲಿ ಮೂರು ಮನೇಲಿ ಮಗ್ಗದ ಹಾಸು ಬಿಚ್ಚಿಟ್ಟು ನನಗೇ ಕಾಯ್ತಾವ್ರೆ. ಮಾತು ಕೊಟ್ಟೀನಿ.” ನಾನು ಹೊಗಳಿದೆ. ಧರ್ಮಾವರದವರ ಕೈಗೆ ಸಮ ಇಲ್ಲ ಎಂದೆ. ಕೊನೆಗೆ ನನ್ನ ದೊಡ್ಡ ಅಸ್ತ್ರ ಬಿಟ್ಟೆ: ಹಾಗಾದರೆ ಬೇಡ ಬಿಡಿ ಎಂದು ತಿರುಗಿ ನಾಲ್ಕು ಹೆಜ್ಜೆ ನಡೆದೆ. ದಾದಾಪೀರ್ ಎರಡು ಸಲ ಕರೆದಿದ್ದ. ಇವರು ಕರೆಯಲಿಲ್ಲ. ಕಂಡಕ್ಟರ್ ಸೀಟಿ ಊದಿದ.

ಸುಬ್ಬಮ್ಮ ಕಿಟಕಿಗೆ ಕೈಯೆತ್ತಿ ಆ ಎರಡು ದಾರ ಚಾಚಿದಳು. “ಮೀರು ಪೋಂಡಿ ಅನ್ನಾ. ಒಕ್ಕ ಮುಡಿ ಚೂಪಿಂಚಿ ಪೋಂಡಿ, ಚಾಲು.” ಈ ತೆಲುಗು ನನಗೆ ಒಂದಕ್ಷರ ತಪ್ಪದೆ ಅರ್ಥವಾಯಿತು. ನೀವು ಹೋಗಿ, ಒಂದೇ ಒಂದು ಗಂಟು ತೋರಿಸಿ ಹೋಗಿ, ಸಾಕು.

ಅವರು ಕೂತಲ್ಲೇ ಗಂಟು ಹಾಕಿ ತೋರಿಸಿದರು. ಅವಳು ಬಿಚ್ಚಿ ತಾನು ಹಾಕಿದಳು. ಅವರು ಲೊಚಗುಟ್ಟಿದರು. “ಅಟ್ಲ ಕಾದು.” ಹಾಗಲ್ಲ. ಮತ್ತೆ ತೋರಿಸಿದರು. ಬಸ್ಸು ಕದಲಿತು. ಅವಳು ಬಸ್ಸಿನ ಜೊತೆಗೇ ನಡೆಯುತ್ತ ಮತ್ತೆ ಹಾಕಿ, ಎತ್ತಿ ತೋರಿಸಿದಳು. ಅವರು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, “ಕಾದಮ್ಮಾ, ಕಾದು, ಜಾರುತುಂದಿ!” ಎಂದು ಕೂಗಿದರು. ಜಾರುತ್ತದೆ ಆ ಗಂಟು. ಹತ್ತು ಮಾರು ಹೋಗಿ ಬಸ್ಸು ನಿಂತಿತು.

“ಇಳಿಯೋದಾದ್ರೆ ಇಳೀರಿ, ಕೂರೋದಾದ್ರೆ ಕೂರ್ರಿ ಯಜಮಾನ್ರೇ,” ಎಂದು ಕಂಡಕ್ಟರ್ ರೇಗಿದ. ನಾಗಭೂಷಣಂ ಚೀಲ ಹೆಗಲಿಗೆ ಹಾಕಿಕೊಂಡು, ಯಾರನ್ನೋ ಬೈಯುತ್ತ ಇಳಿದರು. ಧರ್ಮಾವರಕ್ಕೆ ಫೋನು ಮಾಡಿ ಎರಡು ದಿನ ತಡ ಎಂದರು. ಅವತ್ತು ಕತ್ತಲಾಗುವ ತನಕ, ಮರುದಿನ ಪೂರ್ತಿ ಕೂತು, ಮಗ್ಗ ನಿಲ್ಲಿಸಿಕೊಟ್ಟೇ ಹೋದರು.

ಇಷ್ಟು ವರ್ಷ ಚೌಕಾಸಿ ಮಾಡಿದವನು ನಾನು. ಇಂಥದನ್ನು ಕಂಡಿರಲಿಲ್ಲ. ಬೇಕಾದದ್ದು ನೂರಾರು, ಕೇಳಿದ್ದು ಒಂದು. ಬೇಕೆಂತಲೇ ತಪ್ಪು ಗಂಟು ಹಾಕಿದಳೋ, ನಿಜವಾಗಿ ಬರಲಿಲ್ಲವೋ? ಈ ಪ್ರಶ್ನೆ ತಲೆ ತಿನ್ನುತ್ತಿತ್ತು. ತಿಂಗಳ ಮೇಲೆ ಆ ಕಡೆ ಹೋದಾಗ ಅವಳ ಮನೆಗೇ ಹೋದೆ. ಸ್ವಂತ ಮಗ್ಗದಲ್ಲಿ ಕೂತಿದ್ದಳು, ಮೊದಲ ಸೀರೆ ಅರ್ಧ ದಾಟಿತ್ತು.

“ಆ ಉಪಾಯ ನನಗೂ ಹೇಳಿಕೊಡಮ್ಮ, ವ್ಯಾಪಾರಕ್ಕಾಗ್ತೈತೆ” ಎಂದೆ.

“ಯಾವ ಉಪಾಯ?” ಅವಳು ಲಾಳಿ ನಿಲ್ಲಿಸಿದಳು. ಮುಖದಲ್ಲಿ ನಿಜವಾದ ಸಿಟ್ಟಿತ್ತು. “ನಾನು ಕೇಳಿದ್ದೇನು ಅಣ್ಣಾ? ಒಂದು ಗಂಟು ಕಲಿಸ್ರಿ ಅಂತ. ಎಲ್ಡು ದಿನ ಕುಂತು ಎಲ್ಲಾ ಅವರೇ ಕಟ್ಟಿದ್ರು. ಆ ಗಂಟೊಂದು ಮಾತ್ರ ನನ್ನ ಕೈಗೆ ಕಲಿಸಲಿಲ್ಲ. ಈಗ ನೋಡ್ರಿ.”

ತುದಿಯಲ್ಲಿ ಒಂದು ದಾರ ಹರಿದು ತೂಗುತ್ತಿತ್ತು. ಬಸ್ಸಿನ ಪಕ್ಕ ನಡೆಯುತ್ತ ಹಾಕಿದ್ದ ಅದೇ ಗಂಟನ್ನು ಹಾಕಿ ಎಳೆದಳು. ಜಾರಿತು. ಮತ್ತೆ ಹಾಕಿದಳು. ನೋಡುತ್ತ ನಿಂತಿದ್ದ ನನಗೆ ಏನೋ ಹೊಳೆದಂತಾಯಿತು. ಹೀಗಲ್ಲಮ್ಮ, ಹೀಗೆ ಎನ್ನುತ್ತ ಕೈ ಮುಂದೆ ಮಾಡಿದೆ.

“ಬ್ಯಾಡ ಅಣ್ಣಾ,” ಎಂದಳು ಸುಬ್ಬಮ್ಮ, ದಾರದಿಂದ ಕಣ್ಣೆತ್ತದೆ. “ನೀವು ಮಾತ್ರ ಮುಟ್ಟಬ್ಯಾಡಿ.”